ಹದಿನೇಳನೆಯ ಕಾಲಂ

ಆ ಕಾಲೇಜಿಗೆ ಎರಡು ಗೇಟು, ನಾಲ್ಕು ಮಹಡಿ, ಒಂದು ಕೆಟ್ಟುಹೋದ ಲಿಫ್ಟು, ಒಂದು ಕಿಟಕಿ. ಬೇರೆ ಕಿಟಕಿಗಳೂ ಇದ್ದವು ಅನ್ನಿ, ಆದರೆ ಅಲ್ಲಿ ಕಿಟಕಿ ಎಂದರೆ ಒಂದೇ. ಮುಂದಿನ ಗೇಟು ದಾಟಿ ಎಡಕ್ಕೆ ತಿರುಗಿದರೆ ಸಿಗುತ್ತಿದ್ದ, ಕೈ ತೂರುವಷ್ಟು ಕಂಡಿ ಬಿಟ್ಟ, ಮೇಲೆ 'ವಿಚಾರಣೆ' ಎಂದು ಬರೆದ ಗಾಜಿನ ಕಿಟಕಿ. ಅದರ ಹಿಂದೆ ಹತ್ತೊಂಬತ್ತು ವರ್ಷದಿಂದ ಒಬ್ಬಳೇ ಹೆಂಗಸು ಕೂತಿದ್ದಳು. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಇನಿಷಿಯಲ್ ಸಮೇತ ಇತ್ತು. ಆದರೆ ಪ್ರಿನ್ಸಿಪಾಲರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ ಅವಳು ಕಿಟಕಿಯಮ್ಮ.

ನೋಡುವವರಿಗೆ ಅದೇನು ಮಹಾ ಕೆಲಸ ಅನ್ನಿಸಬಹುದು. ಖಾಲಿ ಅರ್ಜಿ ಕೊಡುವುದು, ತುಂಬಿದ ಅರ್ಜಿ ತೆಗೆದುಕೊಳ್ಳುವುದು, ಫೋನೆತ್ತುವುದು. ಕೂತು ನೋಡಿ, ಗೊತ್ತಾಗುತ್ತದೆ. ಅಪ್ಪನ ಹೆಸರಿನ ಜಾಗದಲ್ಲಿ ತನ್ನ ಹೆಸರು ಬರೆಯುವವರು, ಹುಟ್ಟಿದ ದಿನಕ್ಕೆ ಇವತ್ತಿನ ತಾರೀಕು ಹಾಕುವವರು, ಫೋಟೋಗೆ ಅಂಟು ಸಾಲದೆ ಎಂಜಲು ಹಚ್ಚುವವರು, ಎಲ್ಲರನ್ನೂ ಅವಳು ದಡ ಮುಟ್ಟಿಸುತ್ತಿದ್ದಳು. ಪೆನ್ನು ತರದವರಿಗೆಂದು ಕಂಡಿಯ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ಪೆನ್ನು ನೇತುಹಾಕಿದ್ದಳು. ಯಾರಾದರೂ ತಪ್ಪು ಬರೆದು, ಗಾಬರಿಯಿಂದ ಇನ್ನೊಂದು ಅರ್ಜಿ ಕೇಳಿದರೆ ಕೊಡುತ್ತಿರಲಿಲ್ಲ. "ಹೊಡೆದು ಬರೀರಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿ. ತಪ್ಪಾದ್ರೆ ಪರವಾಗಿಲ್ಲ, ತಿದ್ದಿದ್ದು ಯಾರು ಅಂತ ಗೊತ್ತಾಗ್ಬೇಕು ಅಷ್ಟೆ," ಎನ್ನುತ್ತಿದ್ದಳು. ದಿನಕ್ಕೆ ಐವತ್ತು ಸಲ ಹೇಳಿ ಹೇಳಿ ಆ ಮಾತು ಅವಳಿಗೇ ಕೇಳಿಸದಷ್ಟು ಸವೆದುಹೋಗಿತ್ತು.

ಕಾಲೇಜಿಗೆ ಬರುವವರು ಮೊದಲು ನೋಡುವ ಮುಖ ತನ್ನದು ಎಂಬ ಹೆಮ್ಮೆ ಅವಳಿಗಿತ್ತು. ಇರಲಿ ಬಿಡಿ, ಮನುಷ್ಯ ಅಂದಮೇಲೆ ಒಂದಲ್ಲ ಒಂದು ಹೆಮ್ಮೆ ಬೇಕು. ಪ್ರಿನ್ಸಿಪಾಲರನ್ನು ಅರ್ಧ ಹುಡುಗರು ಗುರುತಿಸುತ್ತಿರಲಿಲ್ಲ. ಹಳೆಯ ವಿದ್ಯಾರ್ಥಿಗಳು ಹತ್ತು ವರ್ಷದ ಮೇಲೆ ಪ್ರಮಾಣಪತ್ರಕ್ಕೆಂದು ಬಂದರೂ ಮೊದಲು ಕಿಟಕಿಗೇ ಬಂದು, ಚೆನ್ನಾಗಿದೀರಾ ಎಂದು ಕೇಳಿ ಹೋಗುತ್ತಿದ್ದರು.

ಇನ್ನು ಅವಳ ವಾರಗಿತ್ತಿಯ ವಿಷಯ. ಒಂದೇ ಮನೆ, ಕೆಳಗೆ ಇವಳ ಸಂಸಾರ, ಮೇಲೆ ಮೈದುನನದು. ಅತ್ತೆಯದು ಎರಡೂ ಕಡೆ ಓಡಾಟ. ವಾರಗಿತ್ತಿ ಇವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಗಲಗಲ ಮಾತು, ಗಲಗಲ ನಗು. ಒಯ್ದ ಪಾತ್ರೆ ವಾಪಸು ತರುವ ಅಭ್ಯಾಸವಿಲ್ಲ. ಮನೆಯಲ್ಲೇ ಕೂತು ಬೇಜಾರು ಎಂದು ಗೊಣಗುತ್ತಿದ್ದವಳನ್ನು ಮೂರು ವರ್ಷದ ಹಿಂದೆ ಕಾಲೇಜಿನ ಲೈಬ್ರರಿಗೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿಸಿದ್ದು ಕಿಟಕಿಯಮ್ಮನೇ. ಪ್ರಿನ್ಸಿಪಾಲರ ಮುಂದೆ ನಿಂತು, ನಮ್ಮನೆ ಹುಡುಗಿ ಸಾರ್, ನಾನು ಜವಾಬ್ದಾರಿ ಎಂದು ಬಾಯಿ ಬಿಟ್ಟು ಹೇಳಿದ್ದಳು. ಆಮೇಲೆ ಆ ಮಾತು ನೆನಪಾದಾಗಲೆಲ್ಲ ಇರಲಾರದೆ ಇರುವೆ ಬಿಟ್ಟುಕೊಂಡೆನಲ್ಲ ಎಂದು ಹಲ್ಲು ಕಡಿಯುತ್ತಿದ್ದಳು.

ಆದದ್ದಿಷ್ಟು. ನಾಲ್ಕೈದು ವರ್ಷದಿಂದ ಕಾಲೇಜಿಗೆ ಸೇರುವವರು ಕಡಿಮೆಯಾಗುತ್ತ ಬಂದರು. ನೂರಿಪ್ಪತ್ತು ಇದ್ದದ್ದು ಎಂಬತ್ತಾಯಿತು, ಎಂಬತ್ತು ಐವತ್ತಾಯಿತು. ಸೇತುವೆ ಆಚೆಯ ಕಾಲೇಜು ಹೊಸ ಕಟ್ಟಡ ಕಟ್ಟಿಕೊಂಡು ಹುಡುಗರನ್ನೆಲ್ಲ ಬಾಚುತ್ತಿತ್ತು. ಪ್ರಿನ್ಸಿಪಾಲರು ಎಲ್ಲಿಗೋ ಹೋಗಿ ಎರಡು ದಿನ ಭಾಷಣ ಕೇಳಿ ಬಂದವರೇ, ಇನ್ನು ಮುಂದೆ ನಮ್ಮ ಪ್ರಚಾರವೆಲ್ಲ ಸೋಷಿಯಲ್ ಮೀಡಿಯಾದಲ್ಲಿ, ವಿಡಿಯೋ ಮಾಡಬೇಕು ಎಂದರು. ಯಾರಿಗೆ ಬರುತ್ತದೆ ಎಂದು ಕೇಳಿದಾಗ ಕೈ ಎತ್ತಿದ್ದು ವಾರಗಿತ್ತಿ. ಕಾಲೇಜು ಅವಳಿಗೆ ಒಂದು ದೊಡ್ಡ ಫೋನು, ಮೂರು ಕಾಲಿನ ಸ್ಟ್ಯಾಂಡು, ಬಟ್ಟೆಗೆ ಸಿಕ್ಕಿಸುವ ಪುಟಾಣಿ ಮೈಕು ಕೊಡಿಸಿತು. ಹತ್ತೊಂಬತ್ತು ವರ್ಷದಲ್ಲಿ ಕಿಟಕಿಗೆ ಒಂದು ಫ್ಯಾನು ಕೊಡಿಸಿರಲಿಲ್ಲ. ನೀವೇ ಹೇಳಿ, ಯಾರ ಹೊಟ್ಟೆ ಉರಿಯುವುದಿಲ್ಲ?

ಮೊದಲ ವಿಡಿಯೋದಲ್ಲಿ ವಾರಗಿತ್ತಿ ಲೈಬ್ರರಿ ತೋರಿಸಿದಳು. ಎರಡನೆಯದರಲ್ಲಿ ಪ್ರಯೋಗಾಲಯ, ಮೂರನೆಯದರಲ್ಲಿ ಕೆಟ್ಟ ಲಿಫ್ಟಿನ ಮುಂದೆ ನಿಂತು, ನಮ್ಮ ಕಾಲೇಜಿನಲ್ಲಿ ವ್ಯಾಯಾಮ ಉಚಿತ ಎಂದು ನಕ್ಕಳು. ಜನ ನೋಡಿದರು. ವಾರದೊಳಗೆ ಕ್ಯಾಂಟೀನಿನವನು ಅವಳಿಗೆ ಟೀ ಟೇಬಲ್ಲಿಗೇ ತಂದುಕೊಡಲು ಶುರುಮಾಡಿದ. ಹುಡುಗಿಯರು ಅವಳ ಜೊತೆ ಫೋಟೋ ತೆಗೆಸಿಕೊಂಡರು. ಕಿಟಕಿಯಮ್ಮ ಗಾಜಿನ ಹಿಂದಿನಿಂದ ಇದನ್ನೆಲ್ಲ ನೋಡಿದಳು. ನೋಡಬಾರದು ಎಂದುಕೊಂಡೇ ನೋಡಿದಳು.

ಮನೆಗೆ ಬಂದರೆ ಅಲ್ಲೂ ಅದೇ ರಾಮಾಯಣ. ಅತ್ತೆ ಹಗಲೆಲ್ಲ ಫೋನು ಹಿಡಿದುಕೊಂಡು ಕೂತು, ಸಣ್ಣ ಸೊಸೆಯ ವಿಡಿಯೋ ಹಾಕಿ ಹಾಕಿ ನೋಡುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಫೋನನ್ನು ಇವಳ ತಟ್ಟೆಯ ಪಕ್ಕಕ್ಕೆ ತಳ್ಳಿ, ಇದನ್ನ ನೋಡೇ ಎಂದರು. ಕಿಟಕಿಯಮ್ಮ ಫೋನನ್ನು ಬೋರಲು ಹಾಕಿದಳು. ಅನ್ನ ತಿನ್ನುವಾಗ ಆ ವಿಷಯ ಬೇಡ, ಅನ್ನ ತಿನ್ನದಾಗಲೂ ಬೇಡ ಎಂದಳು. ಅಂದಿನಿಂದ ಕೆಳಗಿನ ಮನೆಯಲ್ಲಿ ವಿಡಿಯೋ ಎಂಬ ಮಾತಿಗೇ ನಿಷೇಧ. ಗಂಡ ಪಾಪದವನು, ಬಾಯಿಗೆ ಬೀಗ ಹಾಕಿಕೊಂಡ. ಅವಳದೋ ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ವಿಡಿಯೋ ಬರುವ ಪ್ರಶ್ನೆಯೇ ಇಲ್ಲ. ತಾನೊಂದು ವಿಡಿಯೋವನ್ನೂ ನೋಡುವುದಿಲ್ಲ ಎಂದು ಶಪಥ ಮಾಡಿಕೊಂಡಳು, ಮಾಡಿದಂತೆಯೇ ನಡೆದುಕೊಂಡಳು. ಹೊಟ್ಟೆಕಿಚ್ಚಿನವರ ಶಪಥ ಬಲು ಗಟ್ಟಿ.

ನಡುವೆ ಒಂದು ದಿನ ವಾರಗಿತ್ತಿ ಸ್ಟ್ಯಾಂಡು ಹೊತ್ತುಕೊಂಡು ಕಿಟಕಿಯ ಕೋಣೆಯ ಬಾಗಿಲಿಗೆ ಬಂದಳು. "ಅಕ್ಕ, ನೀವು ಕೆಲಸ ಮಾಡೋದನ್ನ ಸ್ವಲ್ಪ ತೆಗೀಲಾ?" ಎಂದು ಕೇಳಿದಳು. ಎದುರಿಗೆ ಹದಿನೈದು ಜನರ ಸಾಲು, ಕಿವಿಯಲ್ಲಿ ಫೋನು. "ಏನಾದ್ರೂ ಮಾಡ್ಕೋ ಹೋಗು, ನನ್ನ ಮುಖ ಮಾತ್ರ ಕಾಣಬಾರದು," ಎಂದು ತಿರುಗಿಯೂ ನೋಡದೆ ಹೇಳಿದಳು. ಸಂಜೆಯೊಳಗೆ ಅದನ್ನು ಮರೆತೂಬಿಟ್ಟಳು.

ಹೊಸ ಪ್ರವೇಶದ ಅರ್ಜಿ ಕೊಡುವ ಕಾಲ ಹತ್ತಿರ ಬಂದಾಗ ಪ್ರಿನ್ಸಿಪಾಲರು ಎಲ್ಲರನ್ನೂ ಕೂರಿಸಿ ಒಂದು ಮಾತು ಹೇಳಿದರು. ಎರಡೆರಡು ಕಡೆ ಜನ ಇಟ್ಟುಕೊಳ್ಳುವ ತಾಕತ್ತು ಕಾಲೇಜಿಗಿಲ್ಲ. ಈ ವರ್ಷ ಅರ್ಜಿಯ ಹಿಂಬದಿಯಲ್ಲಿ ಹದಿನೇಳನೆಯ ಕಾಲಂ ಸೇರಿಸಿದ್ದೇವೆ: 'ಕಾಲೇಜಿನ ಬಗ್ಗೆ ಹೇಗೆ ತಿಳಿಯಿತು?' ವಿಡಿಯೋದಿಂದ ಹೆಚ್ಚು ಜನ ಬಂದಿದ್ದರೆ ವಿಡಿಯೋ ಕೆಲಸ ಖಾಯಂ ಆಗುತ್ತದೆ, ಕಿಟಕಿ ಮುಚ್ಚಿ ಎಲ್ಲ ಆನ್‌ಲೈನ್ ಮಾಡುತ್ತೇವೆ, ಕಿಟಕಿಯಮ್ಮ ಹಿಂದಿನ ಕಟ್ಟಡದ ಟಪಾಲು ಕೋಣೆಗೆ. ಕಿಟಕಿಯಲ್ಲಿ ವಿಚಾರಿಸಿ ಹೆಚ್ಚು ಜನ ಬಂದಿದ್ದರೆ ಕಿಟಕಿ ಇರುತ್ತದೆ, ವಿಡಿಯೋ ನಿಲ್ಲುತ್ತದೆ, ತಾತ್ಕಾಲಿಕದವರು ಹೊರಡಬೇಕಾಗುತ್ತದೆ. ಟಪಾಲು ಕೋಣೆಗೆ ಕಿಟಕಿಯೇ ಇರಲಿಲ್ಲ. ವರ್ಷಕ್ಕೆ ನಾಲ್ಕು ಜನ ಅಲ್ಲಿಗೆ ಹೋಗುತ್ತಿದ್ದರು, ಅವರಲ್ಲಿ ಇಬ್ಬರು ದಾರಿ ತಪ್ಪಿ.

ಅರ್ಜಿಗಳು ಬರತೊಡಗಿದವು, ಫೋನು ಬಡಿದುಕೊಳ್ಳತೊಡಗಿತು. ಅಷ್ಟು ಫೋನು ಹತ್ತೊಂಬತ್ತು ವರ್ಷದಲ್ಲಿ ಬಂದಿರಲಿಲ್ಲ. ಎತ್ತಿದರೆ ಸಾಕು, "ಆ ವಿಡಿಯೋದಲ್ಲಿ ಬರ್ತಾರಲ್ಲ, ಆ ಮೇಡಂ ಇದಾರಾ?" ಮೊದಲ ದಿನ, ಅವರು ಲೈಬ್ರರಿಯಲ್ಲಿರುತ್ತಾರೆ ಎಂದಳು. ಎರಡನೆಯ ದಿನ, ಅವರು ಬ್ಯುಸಿ ಎಂದಳು. ಮೂರನೆಯ ದಿನದಿಂದ, ಅಂಥವರು ಯಾರೂ ಇಲ್ಲ ಎಂದು ಫೋನು ಕುಕ್ಕಿದಳು. ಒಬ್ಬಾಕೆ ಮಾತ್ರ ಬಿಡದೆ, ನಿಮ್ಮ ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದಳು. ನನ್ನ ದನಿ ಈ ಊರಲ್ಲಿ ಕೇಳದವರು ಯಾರಮ್ಮ ಎಂದು ಕಿಟಕಿಯಮ್ಮ ಗದರಿದಳು.

ಕಂಡಿಯ ಮುಂದೆ ನಿಂತವರೂ ಈ ವರ್ಷ ಒಂದು ಥರ. ಅವಳ ಕೈ ನೋಡುವರು, ಒಬ್ಬರನ್ನೊಬ್ಬರು ತಿವಿದುಕೊಳ್ಳುವರು, ನಗುವರು. ಹಿಂದೆ ಎಲ್ಲಾದರೂ ವಾರಗಿತ್ತಿ ಕಾಣುತ್ತಾಳೇನೋ ಎಂದು ಇಣುಕುತ್ತಿದ್ದಾರೆ ಎಂದುಕೊಂಡಳು. ಲೆಕ್ಕಪತ್ರದವರು ಹಾದುಹೋಗುತ್ತ, ಏನ್ ಮೇಡಂ, ನೀವೀಗ ದೊಡ್ಡ ಮನುಷ್ಯರಾಗಿಬಿಟ್ರಿ ಎಂದರು. ಗಾಯಕ್ಕೆ ಉಪ್ಪು ಸವರಲು ಬಂದ ಎಂದು ಅವರ ಜೊತೆ ಒಂದು ವಾರ ಮಾತು ಬಿಟ್ಟಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಹಾಗೆ.

ಹದಿನೇಳನೆಯ ಕಾಲಮನ್ನು ಯಾರೂ ತುಂಬುತ್ತಿರಲಿಲ್ಲ. ಹಿಂಬದಿ ತಿರುಗಿಸುವವರೇ ಕಡಿಮೆ. ಖಾಲಿ ಬಿಟ್ಟದ್ದನ್ನು ಕೇಳಿ ತುಂಬುವುದು ಕಿಟಕಿಯ ಕೆಲಸ, ಮೊದಲಿನಿಂದ ಬಂದ ಪದ್ಧತಿ. ಮೊದಲ ದಿನ ಬಂದ ಹುಡುಗಿಯೊಬ್ಬಳನ್ನು ಕೇಳಿದಾಗ, ನಮ್ಮ ಅತ್ತೆ ಇಲ್ಲೇ ಓದಿದ್ದು, ಆಮೇಲೆ ವಿಡಿಯೋನೂ ನೋಡಿದೆ ಎಂದಳು. ಆ ಅತ್ತೆ ಒಂದಾನೊಂದು ಕಾಲದಲ್ಲಿ ಈ ಕಿಟಕಿಗೇ ಬಂದಿದ್ದಿರಬೇಕು ತಾನೆ? ಕಿಟಕಿಯಮ್ಮ ದುಂಡಗೆ 'ಕಿಟಕಿ' ಎಂದು ಬರೆದಳು. ಮನಸ್ಸಿಗೆ ಅಷ್ಟೇನೂ ಚುಚ್ಚಲಿಲ್ಲ. ಮರುದಿನ ಒಬ್ಬ ಹುಡುಗ ವಿಡಿಯೋ ನೋಡಿ ಬಂದೆ ಎಂದ. ಆದರೆ ಪೆನ್ನು ಮರೆತು ಬಂದವನಿಗೆ ದಾರದ ಪೆನ್ನು ಕೊಟ್ಟು ಅರ್ಜಿ ತುಂಬಿಸಿದ್ದು ಯಾರು, ವಿಡಿಯೋನಾ? 'ಕಿಟಕಿ'. ಮೂರನೆಯ ದಿನದಿಂದ ನೆಪವನ್ನೂ ಹುಡುಕಲಿಲ್ಲ. ಹೇಗೆ ಗೊತ್ತಾಯ್ತು ಎಂದು ಕೇಳುವಳು, ವಿಡಿಯೋ ಎಂದು ಅವರು ಹೇಳುವರು, ಹೂಂ ಎಂದು ತಲೆಯಾಡಿಸಿ 'ಕಿಟಕಿ' ಎಂದು ಬರೆಯುವಳು. ಪೂರ್ತಿ ಮೋಸ ಅನ್ನಿಸಬಾರದು ಎಂದು ನಡುನಡುವೆ ಒಂದೊಂದು ಕಡೆ 'ವಿಡಿಯೋ' ಎಂದೂ ಬರೆದಳು. ಆ ಒಂಬತ್ತು ಜನರಿಗೆ ತಾನು ದೊಡ್ಡ ಉಪಕಾರ ಮಾಡಿದೆ ಎಂಬ ಭಾವನೆ ಬೇರೆ.

ಅರ್ಜಿಯ ಒಂದು ನಕಲು ಕಚೇರಿಗೆ, ಇನ್ನೊಂದು ಲೈಬ್ರರಿಗೆ, ಕಾರ್ಡು ಮಾಡಲು. ಸಂಜೆ ಜವಾನ ನಕಲುಗಳನ್ನು ಮೇಲಕ್ಕೆ ಒಯ್ಯುವುದನ್ನು ಅವಳು ಮೆಟ್ಟಿಲ ತುದಿಯವರೆಗೂ ನೋಡುತ್ತಿದ್ದಳು. ವಾರಗಿತ್ತಿ ಹೆಸರು, ಫೋಟೋ ಬಿಟ್ಟು ಹಿಂಬದಿ ನೋಡುವಷ್ಟು ಜಾಣೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಮನೆಯ ಮೆಟ್ಟಿಲಲ್ಲಿ ಎದುರಾದರೆ, ಕೊಟ್ಟ ಕುಕ್ಕರು ವಾಪಸು ಕೊಡೇ ಎಂದು ಜೋರು ಮಾಡಿ ಒಳಗೆ ಹೋಗುತ್ತಿದ್ದಳು.

ಆ ವರ್ಷ ಸೇರಿದವರು ಅರವತ್ತೊಂದು ಜನ. ಪ್ರಿನ್ಸಿಪಾಲರು ಮೀಟಿಂಗಿನಲ್ಲಿ ಪಟ್ಟಿ ಓದಿದರು. ಕಿಟಕಿ ನಲವತ್ನಾಲ್ಕು, ವಿಡಿಯೋ ಒಂಬತ್ತು, ಇತರೆ ಎಂಟು. ಒಂದು ವಿಡಿಯೋವನ್ನು ಮೂರು ಲಕ್ಷ ಜನ ನೋಡಿದ್ದಾರಂತೆ, ಏನು ಬಂತು, ನೋಡುವವರು ನೋಡುತ್ತಾರೆ, ಬರುವವರು ಕಿಟಕಿಗೇ ಬರುತ್ತಾರೆ ಎಂದು ಅವರು ಷರಾ ಹೇಳಿದರು. ವಿಡಿಯೋದ ಕೆಳಗಿನ ಸಂಖ್ಯೆ ನೋಡುವುದು ಬಿಟ್ಟರೆ ವಿಡಿಯೋವನ್ನು ಅವರೂ ನೋಡುತ್ತಿರಲಿಲ್ಲ. ವಾರಗಿತ್ತಿಯ ಕೆಲಸ ತಿಂಗಳ ಕೊನೆಗೆ ಮುಗಿಯಿತು ಎಂದು ತೀರ್ಮಾನವಾಯಿತು.

ಎಲ್ಲರೂ ಅವಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದಳು. ಗಲಗಲ ಅನ್ನುತ್ತಿದ್ದವಳು ಸುಮ್ಮನೆ ಕೂತದ್ದು ನೋಡಿ ಕಿಟಕಿಯಮ್ಮನಿಗೆ ಖುಷಿಯಾಗಬೇಕಿತ್ತು. ಆಯಿತು ಕೂಡ, ಮೆಟ್ಟಿಲು ಇಳಿಯುವವರೆಗೆ.

ಮರುದಿನ ಬೆಳಿಗ್ಗೆ ಜವಾನ ಆ ದೊಡ್ಡ ಫೋನನ್ನು ತಂದು ಕಿಟಕಿಯ ಮೇಜಿನ ಮೇಲಿಟ್ಟ. ಇನ್ನು ಇದು ನಿಮ್ಮ ಸುಪರ್ದಿಗೆ, ಯಾರಾದರೂ ಏನಾದರೂ ಕೇಳಿ ಬರೆದರೆ ಉತ್ತರ ಕೊಡಬೇಕಂತೆ ಎಂದ. ಹನ್ನೊಂದು ಗಂಟೆಯವರೆಗೆ ಅವಳು ಅದನ್ನು ಮುಟ್ಟಲಿಲ್ಲ. ಆಮೇಲೆ, ಕಚೇರಿ ಕೆಲಸಕ್ಕೆ ಶಪಥ ಅಡ್ಡಬರಬಾರದು ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ತೆರೆದಳು. ಮೂರು ಲಕ್ಷ ಜನ ನೋಡಿದ ವಿಡಿಯೋ ಎಲ್ಲಕ್ಕಿಂತ ಮೇಲಿತ್ತು. ಅಂಥದ್ದೇನು ಕುಣಿದಿದ್ದಾಳೆ ನೋಡಿಯೇ ಬಿಡೋಣ ಎಂದು ಒತ್ತಿದಳು.

ಒಂದು ಕಂಡಿ ಕಂಡಿತು. ಕಂಡಿಯ ಪಕ್ಕ ದಾರದಲ್ಲಿ ನೇತಾಡುವ ಪೆನ್ನು. ಒಳಗಿನಿಂದ ಒಂದು ಕೈ ಬಂತು, ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ಸುಟ್ಟ ಹಳೆಯ ಕಲೆ, ಹೆಬ್ಬೆರಳಿಗೆ ಮೊಹರಿನ ಶಾಯಿ. ಅವಳು ತನ್ನ ಮಣಿಕಟ್ಟು ನೋಡಿಕೊಂಡಳು. ಹೊರಗೆ ಅಂಗಡಿಯ ಸಮವಸ್ತ್ರ ತೊಟ್ಟ ಹೆಂಗಸೊಬ್ಬಳ ಬೆನ್ನು. ಓದು ಬಿಟ್ಟು ಒಂಬತ್ತು ವರ್ಷ ಆಯ್ತು ಮೇಡಂ, ಯಾಕೆ ಬಿಟ್ಟೆ ಅಂತ ಎಲ್ಲಿ ಬರೀಲಿ ಎಂದು ಆ ಹೆಂಗಸು ಕೇಳುತ್ತಿದ್ದಳು.

"ಅದಕ್ಕೆ ಕಾಲಂ ಇಲ್ಲಮ್ಮ," ಎಂದಿತು ಒಳಗಿನ ದನಿ. "ಕಾಲಂ ಇಲ್ಲದ್ದನ್ನ ನಾವು ಕೇಳಲ್ಲ, ನೀವೂ ಹೇಳ್ಬೇಡಿ. ಹೆಸರು ಬರೀರಿ. ನಿಮ್ಮ ಹೆಸರು, ಗಂಡನದಲ್ಲ. ಹಾಂ, ತಪ್ಪಾಯ್ತಾ? ಹೊಡೆದು ಬರೀರಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿ. ತಪ್ಪಾದ್ರೆ ಪರವಾಗಿಲ್ಲ, ತಿದ್ದಿದ್ದು ಯಾರು ಅಂತ ಗೊತ್ತಾಗ್ಬೇಕು ಅಷ್ಟೆ."

ನಲವತ್ತೇಳು ಸೆಕೆಂಡು, ಮುಗಿಯಿತು. ಮುಖ ಎಲ್ಲೂ ಇರಲಿಲ್ಲ, ಹೇಳಿದ್ದಳಲ್ಲ ಕಾಣಬಾರದು ಎಂದು. ಕೆಳಗೆ ಜನ ಬರೆದದ್ದು ಮುಗಿಯದಷ್ಟಿತ್ತು. ಈ ಕಿಟಕಿಯಮ್ಮ ಯಾರು? ಈ ಮೇಡಂ ಇನ್ನೂ ಇದ್ದಾರಾ? ನಾನು ಹದಿನಾಲ್ಕು ವರ್ಷದ ಹಿಂದೆ ಇದೇ ಪೆನ್ನಲ್ಲಿ ಬರೆದಿದ್ದೆ. ಈ ಕೈಗೆ ಅರ್ಜಿ ಕೊಡಲಿಕ್ಕಾದರೂ ಸೇರುತ್ತೇನೆ. ಯಾರು ಯಾರು ಎಂದು ಕೇಳಿದ ಪ್ರತಿಯೊಬ್ಬರಿಗೂ ಕಾಲೇಜಿನ ಹೆಸರಿನಲ್ಲಿ ಒಂದೇ ಉತ್ತರ ಹೋಗಿತ್ತು: 'ನಮ್ಮಕ್ಕ.' ನೂರು ಕಡೆ, ಇನ್ನೂರು ಕಡೆ, ಬೇಸರವಿಲ್ಲದೆ ಬರೆದಿದ್ದಳು, ನಮ್ಮಕ್ಕ, ನಮ್ಮಕ್ಕ, ನಮ್ಮಕ್ಕ.

ಕಿಟಕಿಯಮ್ಮ ಅಂದು ಮೊದಲ ಸಲ ಕೆಲಸದ ಹೊತ್ತಿನಲ್ಲಿ ಕಂಡಿಗೆ ಹಲಗೆ ಅಡ್ಡ ಇಟ್ಟಳು. ಇಷ್ಟು ದಿನ ಯಾರ ಮೇಲೆ ಹೊಟ್ಟೆ ಉರಿದುಕೊಂಡೆ? ಫೋನು ಮಾಡಿ ಕೇಳಿದವರು ಯಾರನ್ನು ಕೇಳಿದ್ದರು? ಅಂಥವರು ಯಾರೂ ಇಲ್ಲ ಎಂದು ಫೋನು ಕುಕ್ಕಿದ್ದು ಯಾರ ಬಗ್ಗೆ? ಥೂ ನಿನ್ನ ಬಾಳಿಗಿಷ್ಟು ಎಂದು ತನ್ನನ್ನೇ ಬೈದುಕೊಂಡಳು. ಅತ್ತಳು ಕೂಡ, ಆದರೆ ಸ್ವಲ್ಪ ಹೊತ್ತು ಮಾತ್ರ, ಮೇಜಿನ ಮೇಲೆ ಕೆಲಸವಿತ್ತು. ಬೀರು ತೆಗೆದು ಅರ್ಜಿಗಳ ಕಟ್ಟು ಎಳೆದಳು. ಯಾರು ಏನು ಹೇಳಿದ್ದರು ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು, ನಲವತ್ನಾಲ್ಕರಲ್ಲಿ ನಿಜಕ್ಕೂ ಕಿಟಕಿಯಿಂದ ಬಂದವರು ಆರು ಜನ. ಆ ಆರು ಅರ್ಜಿಗಳನ್ನು ಪಕ್ಕಕ್ಕಿಟ್ಟು, ಉಳಿದ ಮೂವತ್ತೆಂಟರಲ್ಲಿ 'ಕಿಟಕಿ' ಹೊಡೆದು 'ವಿಡಿಯೋ' ಎಂದು ಬರೆದಳು. ಪ್ರತಿಯೊಂದರ ಪಕ್ಕದಲ್ಲೂ ಸಣ್ಣ ಸಹಿ ಹಾಕಿದಳು. ಮೂವತ್ತೆಂಟನೆಯದಕ್ಕೆ ಬರುವ ಹೊತ್ತಿಗೆ ಅವಳ ಸಹಿ ಅವಳದೇ ಅನ್ನುವ ಹಾಗಿರಲಿಲ್ಲ.

ಒಂದು ಪ್ರತಿ ತಿದ್ದಿದರೆ ಇನ್ನೊಂದನ್ನೂ ತಿದ್ದಬೇಕು, ಅದು ಕಚೇರಿಯ ನಿಯಮ. ಇನ್ನೊಂದು ಲೈಬ್ರರಿಯಲ್ಲಿತ್ತು. ಎರಡು ಮಹಡಿ ಹತ್ತಿ, ಏದುಸಿರು ಬಿಡುತ್ತ ಹೋದಳು. ವಾರಗಿತ್ತಿ ಒಬ್ಬಳೇ ಕೂತು ಹೊಸ ಪುಸ್ತಕಗಳ ಒಳರಟ್ಟಿಗೆ ಕಾರ್ಡಿನ ಚೀಲ ಅಂಟಿಸುತ್ತಿದ್ದಳು. ಕೈಗೆಲ್ಲ ಗೋಂದು. ನಕಲುಗಳ ಕಟ್ಟು ಕೊಡು ಎಂದು ಕಿಟಕಿಯಮ್ಮ ಕೇಳಿದಳು. ಕೊಟ್ಟಳು. ಅಲ್ಲೇ ನಿಂತುಕೊಂಡು ಮೊದಲ ಹಾಳೆ ತಿದ್ದಿ ಸಹಿ ಹಾಕಿ ಅವಳ ಮುಂದೆ ಹಿಡಿದಳು.

"ಅವರು ವಿಡಿಯೋ ಅಂದ್ರು, ನಾನು ಕಿಟಕಿ ಅಂತ ಬರೆದೆ," ಎಂದಳು. "ಇದೊಂದೇ ಅಲ್ಲ. ಮೂವತ್ತೆಂಟು. ಬೇಕು ಅಂತಲೇ ಬರೆದಿದ್ದು."

ವಾರಗಿತ್ತಿ ಹಾಳೆಯನ್ನು ನೋಡಲೂ ಇಲ್ಲ. "ಕಾರ್ಡ್ ಮಾಡೋವಾಗ್ಲೇ ನೋಡಿದ್ದೆ ಅಕ್ಕ. ಸುಳ್ಳು ಅಂತ ಅನ್ನಿಸ್ಲಿಲ್ಲ. ಅವರು ಬಂದಿದ್ದು ಕಿಟಕಿ ನೋಡೇ ಅಲ್ವಾ?"

ಕಿಟಕಿಯಮ್ಮ ಓದುವ ಮೇಜಿನ ಬೆಂಚಿನ ಮೇಲೆ ಕೂತಳು. ಹಾಗಾದರೆ ಮೀಟಿಂಗಿನಲ್ಲಿ ಅದನ್ನೇ ಹೇಳಬಹುದಿತ್ತಲ್ಲ, ಕಿಟಕಿ ತೋರಿಸಿದ್ದೂ ನನ್ನ ವಿಡಿಯೋನೇ ಅಂತ, ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದಳು.

"ಹೊಟ್ಟೆ ಉರೀತಿತ್ತು," ಎಂದಳು ವಾರಗಿತ್ತಿ, ಗೋಂದಿನ ಬೆರಳು ಒರೆಸಿಕೊಳ್ಳುತ್ತ. "ಎರಡು ದಿನ ಆ ಬಿಸಿಲಲ್ಲಿ ಕಂಡಿ ಎದುರು ಕಾದು ತೆಗೆದಿದ್ದೆ ಅಕ್ಕ. ಮೂರು ಲಕ್ಷ ಜನ ನೋಡಿದ್ರು. ಕಿಟಕಿಯಮ್ಮ ಯಾರು, ಕಿಟಕಿಯಮ್ಮ ಎಲ್ಲಿ ಅಂತ ಎಲ್ಲರೂ ಕೇಳಿದ್ರು. ಇದನ್ನ ತೆಗೆದವರು ಯಾರು ಅಂತ ಒಬ್ಬರೂ ಕೇಳ್ಲಿಲ್ಲ. ನೀವೂ ಒಂದು ಮಾತು ಹೇಳ್ಲಿಲ್ಲ. ಬಾಯಿ ಬಿಟ್ಟಿದ್ರೆ ಅಳು ಬರ್ತಿತ್ತು, ಅದಕ್ಕೆ ಸುಮ್ನಿದ್ದೆ."

ನಾನು ಇವತ್ತಿನವರೆಗೆ ನೋಡಿಯೇ ಇರಲಿಲ್ಲ ಕಣೇ ಎಂದಳು ಕಿಟಕಿಯಮ್ಮ. ವಾರಗಿತ್ತಿ ನಂಬಲಿಲ್ಲ. ಆಮೇಲೆ ನಂಬಿದಳು. ಆಮೇಲೆ ಕೂತಲ್ಲೇ ನಗಲು ಶುರುಮಾಡಿದಳು, ನಗುವಿನಲ್ಲಿ ಅರ್ಧ ಅಳು. ಕೊನೆಗೆ, ಸೇತುವೆ ಆಚೆಯ ಕಾಲೇಜಿನವರು ನಿನ್ನೆಯೇ ಫೋನು ಮಾಡಿದ್ದರು, ಖಾಯಂ ಕೆಲಸ, ಬರುತ್ತೇನೆ ಎಂದುಬಿಟ್ಟೆ ಎಂದು ತಿಳಿಸಿದಳು. ಕೊಟ್ಟ ಮಾತು ತಪ್ಪುವವಳಲ್ಲ, ಕುಕ್ಕರಿನ ವಿಷಯ ಬೇರೆ.

ಕಿಟಕಿಯಮ್ಮ ಉಳಿದ ನಕಲುಗಳನ್ನೂ ತಿದ್ದಿ, ಎರಡೂ ಕಟ್ಟು ಎತ್ತಿಕೊಂಡು ಪ್ರಿನ್ಸಿಪಾಲರ ಮೇಜಿನ ಮೇಲಿಟ್ಟಳು. ಮಾಡಿದ್ದನ್ನು ನಿಂತೇ ಹೇಳಿದಳು, ಕಿಟಕಿ ಮುಚ್ಚುವುದಾದರೆ ಮುಚ್ಚಿ ಎಂದೂ ಹೇಳಿದಳು. ಅವರು ಒಂದೊಂದೇ ಹಾಳೆ ತಿರುವಿ, ಸಹಿಗಳನ್ನು ನೋಡಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಡಳಿತ ಮಂಡಳಿಗೆ ಕಾಗದ ಹೋಗಿ ಆಗಿದೆ, ವಿಡಿಯೋದವಳೂ ಹೊರಟಳು, ಈಗ ನಿಮ್ಮನ್ನೂ ಕಳಿಸಿ ಕಿಟಕಿಯಲ್ಲಿ ನಾನು ಕೂರಲೇ ಎಂದು ಗದರಿದರು. ಒಂದು ಎಚ್ಚರಿಕೆಯ ಪತ್ರ ಕೈಗೆ ಬಂತು. ಪತ್ರ ಮುಟ್ಟಿದ್ದಕ್ಕೆ ಸಹಿ ಹಾಕಿ, ಅವಳು ಮತ್ತೆ ಕಿಟಕಿಗೆ ಬಂದು ಹಲಗೆ ತೆಗೆದಳು. ಯಾವುದಕ್ಕೆ ಅಷ್ಟೆಲ್ಲ ಮಾಡಿದ್ದಳೋ ಅದು ಅವಳಿಗೇ ಉಳಿಯಿತು, ಉಳಿದದ್ದರಲ್ಲಿ ಒಂದು ಚೂರೂ ಸುಖವಿರಲಿಲ್ಲ.

ಮೂರು ತಿಂಗಳು ಕಳೆಯಿತು. ಹೊಸ ವಿಡಿಯೋ ಇಲ್ಲ, ಫೋನು ಮೊದಲಿನಂತೆ ಬಡಿದುಕೊಳ್ಳುವುದಿಲ್ಲ. ಕಿಟಕಿಯಮ್ಮ ಬಿಡುವಿನಲ್ಲಿ ಆ ದೊಡ್ಡ ಫೋನು ಹಿಡಿದು ಸೇತುವೆ ಆಚೆಯ ಕಾಲೇಜಿನ ಪುಟ ತೆರೆದು ನೋಡುವಷ್ಟು ಪಳಗಿದ್ದಳು. ಒಂದು ಬೆಳಿಗ್ಗೆ ಅಲ್ಲಿ ಹೊಸದು ಬಂದಿತ್ತು. ಗೇಟಿನ ವಾಚ್‌ಮನ್ನು, ಮುಖವಿಲ್ಲ, ಸರಳು ಹಿಡಿದ ಗಂಟುಬೆರಳಿನ ಕೈ ಮಾತ್ರ. ಪರೀಕ್ಷೆಗೆ ತಡವಾಗಿ ಓಡಿಬಂದ ಹುಡುಗಿಗೆ, ನಿಧಾನಕ್ಕೆ ಓಡಮ್ಮ, ಗೇಟು ನಾನು ಹಿಡ್ಕೊಂಡಿದ್ದೀನಿ ಎನ್ನುತ್ತಿದ್ದ. ಎರಡೇ ದಿನದಲ್ಲಿ ಲಕ್ಷ ಜನ ನೋಡಿದ್ದರು. ಈ ಗೇಟಿನಣ್ಣ ಯಾರು ಎಂದು ಕೇಳಿದವರಿಗೆಲ್ಲ ಕೆಳಗೆ ಒಂದೇ ಉತ್ತರ: 'ನಮ್ಮಣ್ಣ.'

ನಮ್ಮಣ್ಣನಂತೆ! ಮೂರು ತಿಂಗಳ ಪರಿಚಯಕ್ಕೆ ಅಣ್ಣ! ಕಿಟಕಿಯಮ್ಮನ ಹೊಟ್ಟೆಯಲ್ಲಿ ಆ ಹಳೆಯ ಕಿಚ್ಚು ಭಗ್ ಎಂದಿತು. ಆ ಕೈಯಲ್ಲಿ ಅಂಥದ್ದೇನಿದೆ, ಒಂದು ಸುಟ್ಟ ಕಲೆಯೂ ಇಲ್ಲ. ಮತ್ತೊಮ್ಮೆ ಹಾಕಿ ನೋಡಿದಳು, ಚೆನ್ನಾಗಿತ್ತು, ಅದೇ ಸಂಕಟ. ನೂರಾರು ಜನ ಬರೆದದ್ದನ್ನು ಕೊನೆಯವರೆಗೆ ಇಳಿಸಿ ಇಳಿಸಿ ಓದಿದಳು. ಎಲ್ಲರೂ ಗೇಟಿನವನನ್ನೇ ಕೇಳಿದ್ದರು. ಆ ಇನ್ನೊಂದನ್ನು ಯಾರೂ ಕೇಳಿರಲಿಲ್ಲ.

ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಬರೆದಳು: 'ಇದನ್ನು ತೆಗೆದವರು ಯಾರು?' ಕಳಿಸಿದ ಮೇಲೆ ನೋಡಿದರೆ ಅದು ಹೋಗಿದ್ದು ಕಾಲೇಜಿನ ಹೆಸರಿನಲ್ಲಿ, ಕಾಲೇಜಿನ ಚಿಹ್ನೆಯ ಸಮೇತ. ಪ್ರಿನ್ಸಿಪಾಲರು ನೋಡಿದರೆ ಇನ್ನೊಂದು ಎಚ್ಚರಿಕೆಯ ಪತ್ರ ಖಂಡಿತ. ಅಳಿಸುವುದು ಹೇಗೆಂದು ಗೊತ್ತಿದ್ದರೂ ಅವಳು ಅಳಿಸಲಿಲ್ಲ. ಕೇಳಿದ್ದು ಯಾರು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಕೆಳಗೆ ಇನ್ನೊಂದು ಪದ ಸೇರಿಸಿದಳು: 'ಕಿಟಕಿ.'